ಹೊಂಗೆ ಎಣ್ಣೇಲಿ ಬಯೋಡೀಸೆಲ್ ಮಾಡಕ್ಕೋದ್ರೆ ಸೋಪ್ ಆಗ್ತಿದೆ, ಯಾಕೆ?

ಬದುವಿನ_ಮರ:
ಬೇಸಿಗೇಲಿ ಆಯ್ದ ಹೊಂಗೆ ಬೀಜ ಮಳೆಗಾಲ ಪೂರ್ತಿ ಚೀಲದಲ್ಲೇ ಬಿದ್ದಿತ್ತು, ಮೊನ್ನೆ ಗಾಣಕ್ಕೆ ಹಾಕ್ಸಿ ಎಣ್ಣೆ ತೆಗೆಸ್ದೆ. ಲೀಟರ್‌ಗೆ 200 ಮಿಲಿ ಮೆಥನಾಲ್, 3.5 ಗ್ರಾಂ ಕಾಸ್ಟಿಕ್ ಸೋಡಾ. ಇದೇ ಅಳತೇಲಿ ಸೂರ್ಯಕಾಂತಿ ಎಣ್ಣೆಗೆ ಮಾಡ್ದಾಗ ಕೆಳಗೆ ಗ್ಲಿಸರಿನ್ ಕೂತು ಮೇಲೆ ಚೆನ್ನಾಗಿ ತಿಳಿ ಬಂದಿತ್ತು. ಈ ಸಲ ರಾತ್ರಿಯೆಲ್ಲಾ ಬಿಟ್ರೂ ಒಳ್ಳೆ ರಾಗಿ ಗಂಜಿ ಥರ ಗಟ್ಟಿ. ಕಾಸ್ಟಿಕ್ ಇನ್ನೂ ಸ್ವಲ್ಪ ಜಾಸ್ತಿ ಹಾಕ್ಲಾ?

ಲ್ಯಾಬ್_ಮೇಷ್ಟ್ರು:
ಸುಮ್ನೆ ಜಾಸ್ತಿ ಹಾಕ್ಬೇಡಿ, ಇನ್ನೂ ಸೋಪ್ ಆಗುತ್ತೆ. ನಿಮ್ಮೆಣ್ಣೆ ಹುಳಿ ಹಿಡಿದಿದೆ. ತೇವದಲ್ಲಿಟ್ಟ ಬೀಜದಲ್ಲಿ ಎಣ್ಣೆ ಒಡೆದು ಫ್ಯಾಟಿ ಆ್ಯಸಿಡ್ ಬಿಡಿಬಿಡಿ ಆಗುತ್ತೆ, ಕ್ಯಾಟಲಿಸ್ಟ್ ಆಗಿ, ಅಂದ್ರೆ ಕ್ರಿಯೆಗೆ ವೇಗ ಕೊಡೋದಾಗಿ ಕೆಲ್ಸ ಮಾಡ್ಬೇಕಾದ ಕಾಸ್ಟಿಕ್ ಆ ಆ್ಯಸಿಡ್ ಜೊತೆ ಸೇರಿ ಸೋಪಾಗಿ ಖರ್ಚಾಗ್ಬಿಡುತ್ತೆ. ಮೊದ್ಲು ಟೈಟ್ರೇಷನ್ ಮಾಡಿ, ಅಂದ್ರೆ ಹುಳಿ ಎಷ್ಟಿದೆ ಅಂತ ಅಳೀರಿ: 1 ಮಿಲಿ ಎಣ್ಣೇನ 10 ಮಿಲಿ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಕಲ್ಸಿ, ಲೀಟರ್ ನೀರಿಗೆ 1 ಗ್ರಾಂ ಕಾಸ್ಟಿಕ್ ಹಾಕಿದ ದ್ರಾವಣಾನ ಹನಿಹನಿ ಬಿಡಿ. ಹೊಂಗೆ ಎಣ್ಣೆ ಕಪ್ಪಗಿರುತ್ತೆ, ಫಿನಾಲ್ಫ್ಥಲೀನ್ (ಹುಳಿ ತೀರಿದಾಗ ಪಿಂಕ್ ಆಗೋ ಸೂಚಕ) ಹಾಕಿದ್ರೂ ಆ ಪಿಂಕ್ ಕಾಣೋದು ಕಷ್ಟ, ಬಿಳಿ ಬಟ್ಟಲು ಇಟ್ಕೊಳಿ.

ಬದುವಿನ_ಮರ:
ಮಾಡ್ದೆ ಸರ್, 9 ಮಿಲಿ ಹಿಡೀತು.

ಪ್ಲಾಂಟ್_ಶಿಫ್ಟ್:
9 ಅಂದ್ರೆ ಬಿಡಿ ಫ್ಯಾಟಿ ಆ್ಯಸಿಡ್ ಹತ್ರ ಹತ್ರ 7% ಆಯ್ತು, ನೇರ ಕಾಸ್ಟಿಕ್‌ಗೆ 2% ಒಳಗಿದ್ರೆ ಚೆಂದ. ಮೊದ್ಲು ಆ್ಯಸಿಡ್ ಸ್ಟೇಜ್ ಮಾಡ್ಬೇಕು, ಅಂದ್ರೆ ಎಣ್ಣೆ ತೂಕದ 1% ಸಲ್ಫ್ಯೂರಿಕ್ ಮೆಥನಾಲಲ್ಲಿ ಬೆರೆಸಿ 60 ಡಿಗ್ರೀಲಿ ಒಂದೆರಡು ಗಂಟೆ ಕಲಕ್ತಾ ಇರೋದು, ಆಗ ಆ ಆ್ಯಸಿಡ್ಡೂ ಎಸ್ಟರ್ ಆಗಿ ಡೀಸೆಲ್ ಲೆಕ್ಕಕ್ಕೇ ಸೇರುತ್ತೆ. ಮೆಥನಾಲ್ 65ರ ಹತ್ರ ಕುದಿಯುತ್ತೆ, ಅದನ್ನ ದಾಟಿಸ್ಬೇಡಿ. ಹುಟ್ಟಿದ ನೀರು ತೆಗ್ದು, ಇನ್ನೊಂದ್ಸಲ ಟೈಟ್ರೇಟ್ ಮಾಡಿ ಆಮೇಲೆ ಕಾಸ್ಟಿಕ್. ಅಂದಹಾಗೆ ದೊಡ್ಡ ಪ್ಲಾಂಟ್‌ಗಳಲ್ಲಿ ಕಾಸ್ಟಿಕ್ ಬದ್ಲು ಸೋಡಿಯಂ ಮೆಥಾಕ್ಸೈಡ್ ಬಳಸೋದು ಸಾಮಾನ್ಯ, ಮೆಥನಾಲಲ್ಲಿ 30% ಕರಗಿಸಿದ್ದೇ ಬರುತ್ತೆ. ಕಾಸ್ಟಿಕ್ ಮೆಥನಾಲಿಗೆ ಬಿದ್ರೆ ಅಲ್ಲೇ ಒಂಚೂರು ನೀರು ಹುಟ್ಟುತ್ತೆ, ಇದ್ರಲ್ಲಿ ಆ ಕಾಟ ಇಲ್ಲ. ಮನೇಲಿ ಮಾತ್ರ ಅದ್ರ ಸಹವಾಸ ಬೇಡ.

ಬದುವಿನ_ಮರ:
ಅಲ್ಯೂಮಿನಿಯಂ ಡಬರಿ ನಡೆಯುತ್ತಾ? ಈ ಸಲ ಅದ್ರಲ್ಲೇ ಕಲ್ಸಿದ್ದೆ, ತಳ ಕಪ್ಪಾಗಿದೆ.

ಲ್ಯಾಬ್_ಮೇಷ್ಟ್ರು:
ಅಯ್ಯೋ ಮಾರಾಯ್ರೆ! ಕಾಸ್ಟಿಕ್ ಅಲ್ಯೂಮಿನಿಯಂನ ತಿನ್ನುತ್ತೆ, ಹೈಡ್ರೋಜನ್ ಬಿಡುತ್ತೆ, ಪಕ್ಕದಲ್ಲಿ ಒಲೆ ಇದ್ರೆ ಕಥೆ ಮುಗೀತು. ಮೆಥನಾಲ್ ಹೊತ್ಕೊಂಡ್ರೆ ಹಗಲಲ್ಲಿ ಜ್ವಾಲೇನೂ ಸರಿಯಾಗಿ ಕಾಣಲ್ಲ. ಮನೇಲಿ ಆ್ಯಸಿಡ್ ಸ್ಟೇಜ್ ಬೇಡ್ವೇ ಬೇಡ, ಹಾಸನದ ಹತ್ರ ಮಡೆನೂರಲ್ಲಿ ಕೃಷಿ ವಿವಿಯವ್ರ ಜೈವಿಕ ಇಂಧನ ಪಾರ್ಕ್ ಇದೆ, ಅಲ್ಲಿ ವಿಚಾರ್ಸಿ ನೋಡಿ. ಮುಂದಿನ ವರ್ಷ ಬೀಜ ಚೆನ್ನಾಗಿ ಒಣಗ್ಸಿ ಮಳೆಗೆ ಮುಂಚೆನೇ ಗಾಣಕ್ಕೆ ಹಾಕಿ.

ಬದುವಿನ_ಮರ:
ಸರಿ ಸರ್. ಆ ಗಂಜೀಲಿ ಬಟ್ಟೆ ಒಗೀಬೋದಾ ಅಂತ ಅಮ್ಮ ಕೇಳ್ತಿದಾರೆ 😅

ಪ್ಲಾಂಟ್_ಶಿಫ್ಟ್:
ಬೇಡ ಅನ್ನಿ, ಮೆಥನಾಲ್ ಅದ್ರಲ್ಲೇ ಕೂತಿದೆ. ಕಣ್ಣಿಗೇ ಕುತ್ತು.