ಬೆಣ್ಣೆ ದೋಸೆ ಬಿಡದೆ ತೂಕ ಇಳಿಸಬಹುದಾ? ಡಯಟೀಷಿಯನ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಇದ್ದುಕೊಂಡು ತೂಕ ಇಳಿಸೋದು ಹೇಗೆ ಅಂತ ಬಹಳ ಜನ ಕೇಳಿದ್ದೀರಿ. ನಮ್ಮ ಗುಂಪಿನಲ್ಲೇ ಇರುವ ಡಯಟೀಷಿಯನ್ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ಫಾರ್ವರ್ಡ್ ಮೆಸೇಜ್ ಬೇಡ.

ಬೆಣ್ಣೆಪ್ರಿಯ: ಮೇಡಂ, ನೇರವಾಗಿ ಕೇಳ್ತೀನಿ. ವಾರಕ್ಕೆ ಎಷ್ಟು ಬೆಣ್ಣೆ ದೋಸೆ ತಿಂದರೆ ತೂಕ ಇಳಿಯುತ್ತೆ?

ಡಯಟೀಷಿಯನ್: ತಿಂದರೆ ತೂಕ ಇಳಿಸುವ ದೋಸೆಯನ್ನು ಇನ್ನೂ ಯಾರೂ ಹುಯ್ದಿಲ್ಲ. ಆದರೆ ವಾರಕ್ಕೆ ಒಂದು ದಿನ ತಿಂದೂ ತೂಕ ಇಳಿಸಬಹುದು. ಒಂದು ಗ್ರಾಂ ಪಿಷ್ಟದಲ್ಲಿ (ಕಾರ್ಬೋಹೈಡ್ರೇಟ್) 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಕೊಬ್ಬಿನಲ್ಲಿ 9. ಕಾವಲಿ ಮೇಲೆ ಸುರಿದಿದ್ದು, ಬಡಿಸುವಾಗ ಮೇಲಿಟ್ಟಿದ್ದು ಸೇರಿ 30 ಗ್ರಾಂ ಬೆಣ್ಣೆ ಆಯಿತು ಅಂದರೆ ಬೆಣ್ಣೆಯದ್ದೇ 200 ಕ್ಯಾಲೊರಿ ದಾಟುತ್ತದೆ. 70 ಕೆಜಿ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗೋದು 250-300. ಅಂದರೆ ನಿಮ್ಮ ಬೆಳಗಿನ ವಾಕಿಂಗ್ ಬೆಣ್ಣೆಗೇ ಸರಿಹೋಯಿತು. ದೋಸೆ, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಹಾಗಾಗಿ ಒಂದು ದೋಸೆ ತಿನ್ನಿ, "ಬೆಣ್ಣೆ ಕಮ್ಮಿ ಹಾಕ್ರಿ" ಅಂತ ಬಾಯಿಬಿಟ್ಟು ಹೇಳಿ. ಹೇಳಿದರೆ ಹಾಕೋದಿಲ್ಲ. ಹೊಟ್ಟೆ ತುಂಬಲಿಲ್ಲ ಅಂತ ಎರಡನೇದು ಹೇಳುವ ಮುಂಚೆ ಹತ್ತು ನಿಮಿಷ ಮಾತಾಡುತ್ತಾ ಕೂತಿರಿ. ನಾನು ನೋಡಿದ ಹಾಗೆ ನಮ್ಮೂರಲ್ಲಿ ಜನ ದಪ್ಪ ಆಗೋದು ಮೊದಲ ದೋಸೆಯಿಂದಲ್ಲ. "ಇನ್ನೊಂದು ಖಾಲಿ ದೋಸೆ ಕೊಡಿ" ಅನ್ನೋದರಿಂದ.

ಬೆಣ್ಣೆಪ್ರಿಯ: ಹತ್ತು ನಿಮಿಷ ಕೂತರೆ ಹಿಂದೆ ನಿಂತವರು ನಮ್ಮನ್ನೇ ಎಬ್ಬಿಸ್ತಾರೆ ಮೇಡಂ 😄

ಎಂಸಿಸಿ ಬ್ಲಾಕ್ ಅಕ್ಕ: ದೋಸೆ ಬದಲು ಇಡ್ಲಿ ತಿಂದರೆ ಒಳ್ಳೇದಾ?

ಡಯಟೀಷಿಯನ್: ಹೌದು. ಹಬೆಯಲ್ಲಿ ಬೇಯುತ್ತೆ, ಎಣ್ಣೆ ಬೇಕಿಲ್ಲ. ಎರಡು ಇಡ್ಲಿ, ಜಾಸ್ತಿ ಸಾಂಬಾರು. ಜೊತೆಗೆ ವಡೆ ಹಾಕಿಸಿಕೊಂಡರೆ ಎಣ್ಣೆ ಉಳಿಸಿದ್ದು ವ್ಯರ್ಥ.

ನಿವೃತ್ತ ಮೇಷ್ಟ್ರು: ಜೋಳದ ರೊಟ್ಟಿ ತಿಂದರೆ ತೂಕ ಏರುವುದಿಲ್ಲ ಎನ್ನುತ್ತಾರೆ. ಅದಕ್ಕೇ ನಾನು ಖಾನಾವಳಿ ಊಟಕ್ಕೆ ಬದಲಾಯಿಸಿದ್ದೇನೆ. ಆದರೂ ತೂಕ ಇಳಿಯಲಿಲ್ಲ. ಯಾಕೆ?

ಡಯಟೀಷಿಯನ್: ಮೇಷ್ಟ್ರೇ, ಎಷ್ಟು ರೊಟ್ಟಿ ತಿಂತೀರಿ?

ನಿವೃತ್ತ ಮೇಷ್ಟ್ರು: ಲೆಕ್ಕ ಇಟ್ಟಿಲ್ಲ. ಅಲ್ಲಿ ಕೇಳಿದಷ್ಟು ಕೊಡುತ್ತಾರೆ.

ಡಯಟೀಷಿಯನ್: ಕಾರಣ ಅದೇ. ಜೋಳ, ಗೋಧಿ, ಅಕ್ಕಿ ಯಾವುದೇ ಇರಲಿ, 100 ಗ್ರಾಂಗೆ ಸುಮಾರು 320ರಿಂದ 360 ಕ್ಯಾಲೊರಿ. ಜೋಳದಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತೆ, ಅದು ನಿಜ. ಹಾಗಂತ ಲೆಕ್ಕವಿಲ್ಲದೆ ತಿನ್ನೋಕೆ ಅದು ಗಾಳಿಯಲ್ಲ. ಖಾನಾವಳಿ ಊಟ ನನಗೂ ಬಹಳ ಇಷ್ಟ. ಹೆಸರುಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಸೌತೆಕಾಯಿ, ಮೊಸರು ಎಲ್ಲ ಒಂದೇ ತಟ್ಟೆಯಲ್ಲಿ ಸಿಗುತ್ತೆ. ಅದನ್ನು ಮೊದಲು ತಿನ್ನಿ. ಎಣ್ಣೆಗಾಯಿಯಲ್ಲಿ ಬದನೆಕಾಯಿ ತಗೊಳ್ಳಿ, ತೇಲುವ ಎಣ್ಣೆ ಬಿಡಿ. ಶೇಂಗಾ ಚಟ್ನಿಪುಡಿಗೆ ಮತ್ತೆ ಎಣ್ಣೆ ಹುಯ್ಸಿಕೊಳ್ಳಬೇಡಿ. ರೊಟ್ಟಿ ಎರಡು. ಕೊನೆಗೆ ಅನ್ನ ಬೇಕೇ ಬೇಕು ಅಂದರೆ ರೊಟ್ಟಿ ಒಂದು.

ಹಳೇಪೇಟೆ ಅಣ್ಣ: ಈಗಿನ ಹೋಟೆಲ್ನಲ್ಲಿ ಬೆಣ್ಣೆ ಎಲ್ಲೈತ್ರೀ? ಎಲ್ಲಾ ಡಾಲ್ಡಾ. ನಮ್ಮ ಕಾಲದಲ್ಲಿ ಸೌದೆ ಒಲೆ, ಹಳ್ಳಿ ಬೆಣ್ಣೆ. ಆಗ ಯಾರೂ ದಪ್ಪ ಇರಲಿಲ್ಲ.

ಬೆಣ್ಣೆಪ್ರಿಯ: ಅಣ್ಣ, ಸುಮ್ನೆ ಹೇಳಬೇಡಿ. ನಾನು ಹೋಗೋ ಕಡೆ ಕಣ್ಣೆದುರೇ ಬೆಣ್ಣೆ ಮುದ್ದೆ ಇಟ್ಟಿರ್ತಾರೆ.

ಹಳೇಪೇಟೆ ಅಣ್ಣ: ಮುದ್ದೆ ತೋರಿಸೋದು ಒಂದು, ಕಾವಲಿಗೆ ಹಾಕೋದು ಇನ್ನೊಂದು.

ಬೆಂಗಳೂರಲ್ಲಿರೋ ದಾವಣಗೆರೆಯವ: ನೀವಾದರೂ ಪುಣ್ಯವಂತರು. ಇಲ್ಲಿ ಬೀದಿಗೊಂದು "ದಾವಣಗೆರೆ ಬೆಣ್ಣೆ ದೋಸೆ" ಬೋರ್ಡು. ಒಳಗೆ ಹೋದರೆ ದೋಸೆ ಮೇಲೆ ಚೀಸ್ ಹಾಕಿ ಕೊಡ್ತಾರೆ.

ಡಯಟೀಷಿಯನ್: ಡಾಲ್ಡಾ ಬಗ್ಗೆ ಒಂದೇ ಮಾತು. ಎಣ್ಣೆ, ವನಸ್ಪತಿಯಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು 2%ಗಿಂತ ಜಾಸ್ತಿ ಇರಬಾರದು ಅಂತ 2022ರಿಂದ ನಿಯಮ ಇದೆ. ಮೊದಲಿನಷ್ಟು ಕೆಟ್ಟದ್ದಲ್ಲ. ಆದರೆ ಕ್ಯಾಲೊರಿ ಬೆಣ್ಣೆಗಿಂತ ಕಮ್ಮಿ ಏನಲ್ಲ, ಜಾಸ್ತಿಯೇ. ಮುಂದಿನ ಪ್ರಶ್ನೆ.

ಎರಡು ಮಕ್ಕಳ ತಾಯಿ: ಮೇಡಂ, ಮಗಳಿಗೆ 19 ವರ್ಷ, ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಅಂದಿದ್ದಾರೆ. ಕಾಲೇಜ್ ಕ್ಯಾಂಟೀನ್ ಬಿಟ್ಟರೆ ಬೇರೆ ದಾರಿ ಇಲ್ಲ. ಏನು ತಿನ್ನಬಹುದು?

ಜೀರಿಗೆ ನೀರು ಅಭಿಮಾನಿ: ಎಲ್ಲರೂ ಓದಿ 🙏 ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ರಸ ಒಂದು ಲೋಟ ಕುಡಿದರೆ ಹೊಟ್ಟೆ ಬೊಜ್ಜು 15 ದಿನದಲ್ಲಿ ಮಾಯ. ಕಹಿ ಇದ್ದಷ್ಟೂ ಒಳ್ಳೆಯದು. ಹತ್ತು ಜನರಿಗೆ ಕಳಿಸಿ.

ಡಯಟೀಷಿಯನ್: ದಯವಿಟ್ಟು ಯಾರಿಗೂ ಕಳಿಸಬೇಡಿ. ಕಹಿ ಸೋರೆಕಾಯಿ ವಿಷ. ಕುಕುರ್ಬಿಟಾಸಿನ್ ಅನ್ನೋ ಅಂಶ ಹೆಚ್ಚಾದಾಗ ಕಾಯಿ ಕಹಿಯಾಗುತ್ತೆ. ರಸ ಕುಡಿದವರಿಗೆ ವಾಂತಿ, ರಕ್ತ ಭೇದಿ ಆಗಿದೆ, ಬಿಪಿ ಕುಸಿದಿದೆ. ನಮ್ಮ ದೇಶದಲ್ಲೇ ಸತ್ತಿದ್ದಾರೆ. ಕಹಿ ಇದ್ದರೆ ಕುಡಿಯಬೇಡಿ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ಸಮಿತಿಯೇ ಎಚ್ಚರಿಸಿದೆ. "ಕಹಿ ಇದ್ದಷ್ಟೂ ಒಳ್ಳೆಯದು" ಅಂತ ಬರೆದವರು ಯಾರೋ ಗೊತ್ತಿಲ್ಲ, ಕಳಿಸಿದವರು ನೀವು. ಸೋರೆಕಾಯಿ ತಿನ್ನಬೇಕಾ? ಚೂರು ಕಚ್ಚಿ ನೋಡಿ. ಕಹಿ ಇಲ್ಲದಿದ್ದರೆ ಪಲ್ಯ ಮಾಡಿ.

ಜೀರಿಗೆ ನೀರು ಅಭಿಮಾನಿ: ನಾನು ಒಳ್ಳೇದಕ್ಕೇ ಹಾಕಿದ್ದು ಮೇಡಂ.

ಕುಂದವಾಡ ಕೆರೆ ವಾಕರ್: ಮೇಡಂ, ಇದು ನಮ್ಮ ತಂದೆ ವಿಷಯ. 61 ವರ್ಷ. ಶುಗರ್ ಇದೆ, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ತಗೊಳ್ತಾರೆ. ಭಾನುವಾರ ಗೆಳೆಯರ ಜೊತೆ ಕೆರೆ ಸುತ್ತಿ ಆಮೇಲೆ ಬೆಣ್ಣೆ ದೋಸೆಗೆ ಹೋಗೋದು ರೂಢಿ. ತೂಕ ಇಳಿಸಬೇಕು ಅಂತ ದೋಸೆ ಲೆಕ್ಕ ಸರಿದೂಗಿಸೋಕೆ ಶನಿವಾರ ರಾತ್ರಿ ಊಟ ಬಿಡ್ತಾರೆ. ಮಾತ್ರೆ ಮಾತ್ರ ತಪ್ಪಿಸಲ್ಲ. ಹೋದ ವಾರ ವಾಕಿಂಗ್‌ನಲ್ಲಿ ಮೈಯೆಲ್ಲ ಬೆವತು ಕೈ ನಡುಗಿದೆ. ಗೆಳೆಯರು ಕಾಫಿ ಕುಡಿಸಿದ ಮೇಲೆ ಸರಿಹೋಯಿತಂತೆ. "ಕೊಬ್ಬು ಕರಗ್ತಿದೆ, ಅದಕ್ಕೇ ಬೆವರು" ಅಂತಾರೆ. ಹೌದಾ?

ಡಯಟೀಷಿಯನ್: ಅಲ್ಲ. ಉಳಿದ ಪ್ರಶ್ನೆಗಳು ಸ್ವಲ್ಪ ಕಾಯಲಿ, ಇದಕ್ಕೆ ಪೂರ್ತಿ ಬರೆಯುತ್ತೇನೆ. ಮನೆಯಲ್ಲಿ ಶುಗರ್ ಮಾತ್ರೆ ತಗೊಳ್ಳುವವರು ಇದ್ದರೆ ಎಲ್ಲರೂ ಓದಿ.

ಅದು ಕೊಬ್ಬು ಕರಗಿದ ಬೆವರಲ್ಲ. ಶುಗರ್ ಇಳಿದುಹೋದಾಗ ಹಾಗೇ ಆಗುತ್ತೆ. ಗ್ಲಿಮೆಪಿರೈಡ್ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತೆ. ನೀವು ಊಟ ಮಾಡಿದ್ದೀರಾ ಇಲ್ಲವಾ ಅಂತ ಅದು ನೋಡೋದಿಲ್ಲ. ರಾತ್ರಿ ಊಟ ಇಲ್ಲ, ಬೆಳಿಗ್ಗೆ ತಿಂಡಿ ಇಲ್ಲ, ಮೇಲೆ ಒಂದು ಗಂಟೆ ನಡಿಗೆ. ಶುಗರ್ ಇಳಿಯದೆ ಏನಾಗಬೇಕು? ಮೆಟ್‌ಫಾರ್ಮಿನ್ ಒಂದೇ ತಗೊಳ್ಳುವವರಿಗೆ ಹೀಗಾಗೋದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಇನ್ಸುಲಿನ್ ತಗೊಳ್ಳುವವರು ಊಟ ಬಿಡಲೇಬಾರದು.

ಮತ್ತೆ ಬೆವರು, ನಡುಕ, ಎದೆ ಡವಡವ, ತಲೆ ಮಂಕಾಗೋದು ಇತ್ತು ಅಂದರೆ ನಡಿಗೆ ನಿಲ್ಲಿಸಿ ಕೂರಿಸಿ. ಗ್ಲುಕೋಮೀಟರ್ ಇದ್ದರೆ ನೋಡಿ, 70ಕ್ಕಿಂತ ಕಮ್ಮಿ ಇದ್ದರೆ ಇಳಿದಿದೆ ಅಂತ ಲೆಕ್ಕ. ಮೀಟರ್ ಇಲ್ಲ ಅಂತ ಕಾಯಬೇಡಿ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ, ಅಂದರೆ ಸುಮಾರು 15 ಗ್ರಾಂ, ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರಿಲ್ಲ ಅಂದರೆ ಇನ್ನೊಮ್ಮೆ ಕೊಡಿ. ಸರಿಹೋದ ಮೇಲೆ ತಿಂಡಿ ತಿನ್ನಿಸಿ. ಪೇಡ, ಚಾಕೊಲೇಟ್ ಕೊಡಬೇಡಿ, ಕೊಬ್ಬಿದ್ದರೆ ಸಕ್ಕರೆ ರಕ್ತ ಸೇರೋದು ತಡವಾಗುತ್ತೆ. ಬೆಣ್ಣೆ ದೋಸೆಯೂ ಅಷ್ಟೇ, "ಹೋಟೆಲ್ ಇಲ್ಲೇ ಇದೆ, ನಡೀರಿ" ಅಂತ ಕರೆದುಕೊಂಡು ಹೋಗಬೇಡಿ.

ಮಾತ್ರೆ ಚೀಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಅಂತಲೂ ಇದೆಯಾ ನೋಡಿ. ಮೂರು ಔಷಧ ಸೇರಿದ ಮಾತ್ರೆಗಳಲ್ಲಿ ಇರುತ್ತೆ. ಇದ್ದರೆ ಅಡುಗೆಮನೆ ಸಕ್ಕರೆ ಬೇಗ ಕೆಲಸ ಮಾಡೋದಿಲ್ಲ, ಗ್ಲುಕೋಸ್ ಪುಡಿಯೇ ಬೇಕು. ಒಂದು ಪೊಟ್ಟಣ ಜೇಬಿನಲ್ಲಿಟ್ಟು ಕಳಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅರ್ಧ ಮಾಡಬೇಡಿ. ನಾಳೆ ಬೆಳಿಗ್ಗೆಯೇ ಮಾತ್ರೆ ಬರೆದ ವೈದ್ಯರಿಗೆ ಇದನ್ನು ಹೀಗೇ ಹೇಳಿ. ಊಟ ಕಮ್ಮಿ ಮಾಡಿ ತೂಕ ಇಳಿಸುತ್ತಿದ್ದಾರೆ ಅಂತಾದರೆ ಮಾತ್ರೆಯ ಪ್ರಮಾಣ ಬದಲಾಯಿಸಬೇಕಾಗಬಹುದು. ಅದು ಅವರ ನಿರ್ಧಾರ, ನನ್ನದಲ್ಲ. ಕಿಡ್ನಿ ಪರೀಕ್ಷೆ ಯಾವಾಗ ಮಾಡಿಸಿದ್ದು ಅಂತಲೂ ಕೇಳುತ್ತಾರೆ. ಕಿಡ್ನಿ ಕುಂದಿದ್ದರೆ ಈ ಮಾತ್ರೆ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ.

ಭಾನುವಾರದ ದೋಸೆ ಬಿಡಿಸಬೇಕಾ? ನಾನಾದರೆ ಬಿಡಿಸುವುದಿಲ್ಲ. ವಾರವಿಡೀ ಕಾಯುವ ಗೆಳೆಯರ ಗುಂಪು ಅದು, ಅದಕ್ಕಾಗಿಯೇ ಅವರು ನಡೆಯಲು ಏಳುತ್ತಾರೆ. ಶನಿವಾರ ರಾತ್ರಿ ಒಂದು ರೊಟ್ಟಿ, ಕಾಳು ಪಲ್ಯ ತಿನ್ನಲಿ. ಭಾನುವಾರ ಒಂದು ದೋಸೆ, ಬೆಣ್ಣೆ ಕಮ್ಮಿ, ಪಲ್ಯ ಅರ್ಧ, ಸಕ್ಕರೆ ಇಲ್ಲದ ಕಾಫಿ. ನಡೆಯುವ ಮುಂಚೆ ಏನು ತಿನ್ನಬೇಕು, ಮಾತ್ರೆ ಎಷ್ಟು ಹೊತ್ತಿಗೆ ಅನ್ನೋದನ್ನು ವೈದ್ಯರ ಬಳಿ ಕೇಳಿಕೊಳ್ಳಿ.

ಕುಂದವಾಡ ಕೆರೆ ವಾಕರ್: ಓದಿ ಕೈಕಾಲು ತಣ್ಣಗಾಯಿತು ಮೇಡಂ. ಚೀಟಿ ನೋಡ್ತೀನಿ.

ಹಳೇಪೇಟೆ ಅಣ್ಣ: ಇದಕ್ಕೇ ಹೇಳೋದು ಇಂಗ್ಲಿಷ್ ಮಾತ್ರೆ ಬೇಡ ಅಂತ.

ಡಯಟೀಷಿಯನ್: ಅಣ್ಣ, ಇಷ್ಟು ಬರೆದಿದ್ದು ಮಾತ್ರೆ ಬಿಡಿ ಅಂತಲ್ಲ. ಊಟ ಬಿಡಬೇಡಿ ಅಂತ.

ಎಂಸಿಸಿ ಬ್ಲಾಕ್ ಅಕ್ಕ: ರವೆ ಇಡ್ಲಿ?

ಡಯಟೀಷಿಯನ್: ಒಗ್ಗರಣೆ ಎಣ್ಣೆ, ಗೋಡಂಬಿ ಇರುತ್ತೆ. ಬರೀ ಇಡ್ಲಿ ವಾಸಿ.

ಪಿ.ಬಿ. ರಸ್ತೆ ಅಂಗಡಿಯವ: ಸಂಜೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಅಂಗಡಿ ನಡೆಯಲ್ಲ. ಮಂಡಕ್ಕಿ ಹಗುರ ಅಲ್ವಾ?

ಡಯಟೀಷಿಯನ್: ಮಂಡಕ್ಕಿ ಹಗುರ. ಮೆಣಸಿನಕಾಯಿ ಎಣ್ಣೆ ಕುಡಿದಿರುತ್ತೆ. ಖಾರ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಪುಟಾಣಿ ಪುಡಿ ಜಾಸ್ತಿ ಹಾಕಿಸಿಕೊಳ್ಳಿ, ಎಣ್ಣೆ ಕಮ್ಮಿ ಅನ್ನಿ. ಮೆಣಸಿನಕಾಯಿ ಒಂದು, ಅದೂ ದಿನಾ ಅಲ್ಲ. ಮತ್ತೆ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಟೀ? ಒಂದು ಟೀಗೆ ಎರಡು ಚಮಚ ಸಕ್ಕರೆ ಅಂದರೆ 10 ಗ್ರಾಂ. ದಿನಕ್ಕೆ ಮೇಲಿಂದ ಹಾಕಿಕೊಳ್ಳುವ ಸಕ್ಕರೆ 25 ಗ್ರಾಂ ಒಳಗಿರಲಿ ಅಂತಾರೆ. ಮೂರನೇ ಟೀಗೇ ಆ ಗಡಿ ದಾಟಿತು.

ಪಿ.ಬಿ. ರಸ್ತೆ ಅಂಗಡಿಯವ: ಆರು.

ಡಯಟೀಷಿಯನ್: ಹಾಗಾದರೆ ಮಂಡಕ್ಕಿ ಹಾಗೇ ಇರಲಿ, ಮೊದಲು ಟೀ ಸಕ್ಕರೆ ಕಮ್ಮಿ ಮಾಡಿ.

ಬೆಂಗಳೂರಲ್ಲಿರೋ ದಾವಣಗೆರೆಯವ: ಮೆನುವಿನಲ್ಲೇ ಕ್ಯಾಲೊರಿ ಬರೆಯಬೇಕು ಅಂತ ಕಾನೂನು ಇದೆಯಲ್ಲ?

ಡಯಟೀಷಿಯನ್: 10 ಅಥವಾ ಹೆಚ್ಚು ಶಾಖೆ ಇರುವ ಹೋಟೆಲುಗಳಿಗೆ, ಕೇಂದ್ರ ಪರವಾನಗಿ ಇರುವವಕ್ಕೆ ಮಾತ್ರ. ನಮ್ಮೂರ ದೋಸೆ ಹೋಟೆಲಿಗಲ್ಲ.

ಮಿಲಿಟರಿ ಹೋಟೆಲ್ ಫ್ಯಾನ್: ಎಲ್ಲಾ ದೋಸೆ ಮಾತೇ. ಮುದ್ದೆ, ನಾಟಿ ಕೋಳಿ ಸಾರು ತಿನ್ನೋರಿಗೆ ಒಂದು ಮಾತು ಹೇಳಿ.

ನಿವೃತ್ತ ಮೇಷ್ಟ್ರು: ಮಾಂಸ ತಿನ್ನುತ್ತಾ ತೂಕ ಇಳಿಸುವ ಮಾತೇ ವಿಚಿತ್ರ.

ಮಿಲಿಟರಿ ಹೋಟೆಲ್ ಫ್ಯಾನ್: ರೊಟ್ಟಿ ಲೆಕ್ಕ ಇಡದವರು ನಮ್ಮ ಕೋಳಿ ಲೆಕ್ಕ ಕೇಳ್ತಾರೆ.

ನಿವೃತ್ತ ಮೇಷ್ಟ್ರು: ವಯಸ್ಸಿಗೆ ಮರ್ಯಾದೆ ಕೊಡುವುದನ್ನು ಕಲಿಯಿರಿ.

ಮಿಲಿಟರಿ ಹೋಟೆಲ್ ಫ್ಯಾನ್: ತಟ್ಟೆಗೂ ಮರ್ಯಾದೆ ಕೊಡಿ ಸರ್. ದುಗ್ಗಮ್ಮನ ಜಾತ್ರೆಗೆ ಊರೇ ಬಾಡೂಟ ಮಾಡುತ್ತೆ, ಆಗ ಎಲ್ಲರಿಗೂ ಇದೇ ಹೇಳ್ತೀರಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇದು ಜಾತ್ರೆ ಗುಂಪಲ್ಲ.

ಡಯಟೀಷಿಯನ್: ಕೋಳಿಯಲ್ಲಿ ಪ್ರೋಟೀನ್ ಚೆನ್ನಾಗಿದೆ, ಹೊಟ್ಟೆ ಬಹಳ ಹೊತ್ತು ತಡೆಯುತ್ತೆ. ತೊಗಲು ತೆಗೆದು ತಿನ್ನಿ, ಸಾರಿನ ಮೇಲೆ ತೇಲುವ ಎಣ್ಣೆ ಪಕ್ಕಕ್ಕೆ ಸರಿಸಿ. ಒಂದು ಮುದ್ದೆ ಸಾಕು. ಕಬಾಬ್, ಬಿರಿಯಾನಿ ಜೊತೆಗೆ ಬೇಡ. ಕುಡಿತದ ಜೊತೆಯಾದರೆ ಈ ಸಲಹೆ ಯಾವುದೂ ನಡೆಯೋದಿಲ್ಲ.

ಜೀರಿಗೆ ನೀರು ಅಭಿಮಾನಿ: ಹೊಟ್ಟೆ ಕರಗಿಸೋಕೆ ಉಪ್ಪಗೆ ಮಾತ್ರೆ ಬರುತ್ತಂತೆ. ನಮ್ಮ ಮಲೆನಾಡಿನದೇ, ಪೂರ್ತಿ ನೈಸರ್ಗಿಕ. ಗಾರ್ಸೀನಿಯಾ ಅಂತ ಹೆಸರು. ಇದಾದರೂ ಹಾಕಬಹುದಾ?

ಡಯಟೀಷಿಯನ್: ಹಾಕಬೇಡಿ. ಮೀನು ಸಾರಿಗೆ ಹುಳಿಗೆ ಹಾಕುವ ಉಪ್ಪಗೆ ಬೇರೆ, ಅದರ ಸಾರ ತೆಗೆದು ತುಂಬಿದ ಮಾತ್ರೆ ಬೇರೆ. ಗಾರ್ಸೀನಿಯಾ ಮಾತ್ರೆ ನುಂಗಿ ಲಿವರ್ ಕೆಟ್ಟವರ ವರದಿಗಳಿವೆ. ಸೋರೆಕಾಯಿ ಹೇಳಿ ಒಂದು ಗಂಟೆ ಆಗಿಲ್ಲ.

ಬಾಡ ಕ್ರಾಸ್ ಹುಡುಗ: ದೋಸೆ ಬದಲು ಇಡ್ಲಿ ತಿನ್ನಬಹುದಾ ಮೇಡಂ?

ಡಯಟೀಷಿಯನ್: ಮೇಲೆ ಓದಿ.

ಬಾಡ ಕ್ರಾಸ್ ಹುಡುಗ: ಮತ್ತೆ ತಟ್ಟೆ ಇಡ್ಲಿ?

ಡಯಟೀಷಿಯನ್: ಅದೂ ಇಡ್ಲಿಯೇ. ಒಂದು.

ಹೊಸ ಸದಸ್ಯೆ: ತಿಂಗಳಿಗೆ 10 ಕೆಜಿ ಇಳಿಸೋಕೆ ಡಯಟ್ ಚಾರ್ಟ್ ಕಳಿಸಿ ಪ್ಲೀಸ್. ಮದುವೆ ಇದೆ.

ಡಯಟೀಷಿಯನ್: ವಾರಕ್ಕೆ ಅರ್ಧದಿಂದ ಒಂದು ಕೆಜಿ. ಅದಕ್ಕಿಂತ ಬೇಗ ಇಳಿಸುವ ಚಾರ್ಟ್ ನನ್ನ ಹತ್ತಿರ ಇಲ್ಲ. ತೂಕ ಒಂದೇ ನೋಡಬೇಡಿ, ಟೇಪ್ ಹಿಡಿದು ಸೊಂಟ ಅಳೆಯಿರಿ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದ್ದರೆ ಯೋಚನೆ ಮಾಡಬೇಕು.

ಬೆಣ್ಣೆಪ್ರಿಯ: ಅಳೆದೆ. 104. ಟೇಪ್ ಸರಿ ಇಲ್ಲ ಅನ್ಸುತ್ತೆ.

ಹಳೇಪೇಟೆ ಅಣ್ಣ: ಡಾಲ್ಡಾ ಅಂದೆ, ಕೇಳಲಿಲ್ಲ.

ಬೆಣ್ಣೆಪ್ರಿಯ: ಅಣ್ಣ, ನಿಮ್ಮ ಅಳತೆ ಹಾಕಿ ಮೊದಲು.

ಕುಂದವಾಡ ಕೆರೆ ವಾಕರ್: ಮೇಡಂ, ಚೀಟಿ ನೋಡಿದೆ. ವೋಗ್ಲಿಬೋಸ್ 0.2 ಅಂತಲೂ ಇದೆ. ಅಪ್ಪ ರಾತ್ರಿ ಊಟ ಬೇಡ ಅಂತ ಮಲಗಿದ್ದರು.

ಡಯಟೀಷಿಯನ್: ಈಗಲೇ ಎಬ್ಬಿಸಿ ಮಾತಾಡಿಸಿ. ಮೀಟರ್ ಇದ್ದರೆ ನೋಡಿ. ಕಮ್ಮಿ ಇದ್ದರೆ ಗ್ಲುಕೋಸ್ ಮೊದಲು, ಆಮೇಲೆ ಊಟ. ಸರಿಯಾಗಿದ್ದರೂ ಊಟ ಮಾಡಿಸಿಯೇ ಮಲಗಿಸಿ. ನನ್ನ ನಂಬರ್ ಅಡ್ಮಿನ್ ಹತ್ತಿರ ಇದೆ, ಫೋನ್ ಮಾಡಿ.

ಕುಂದವಾಡ ಕೆರೆ ವಾಕರ್: ಎದ್ದರು. 82 ಇದೆ. ಅಮ್ಮ ಅನ್ನ ಮೊಸರು ಕಲಸ್ತಿದ್ದಾರೆ. ಬೈತಿದ್ದಾರೆ, ನನಗೆ.

ಡಯಟೀಷಿಯನ್: ಬೈಸಿಕೊಳ್ಳಿ. ರಾತ್ರಿ ಎರಡು-ಮೂರು ಗಂಟೆ ಹೊತ್ತಿಗೆ ಒಂದು ಸಲ ಎದ್ದು ಮತ್ತೆ ಶುಗರ್ ನೋಡಿ. ಬೆಳಿಗ್ಗೆ ವಾಕಿಂಗ್ ಬೇಡ, ಸೀದಾ ವೈದ್ಯರ ಹತ್ತಿರ.

ಬಾಡ ಕ್ರಾಸ್ ಹುಡುಗ: ಪಡ್ಡು ತಿನ್ನಬಹುದಾ?

ಅಡ್ಮಿನ್: ಇವತ್ತಿಗೆ ಇಷ್ಟು. ಪ್ರಶ್ನೆ ಹಾಕೋದನ್ನು ನಿಲ್ಲಿಸಿದ್ದೇನೆ.

ಎರಡು ಮಕ್ಕಳ ತಾಯಿ: ಅಡ್ಮಿನ್ ಅವರೇ, ನನ್ನ ಮಗಳ ಪ್ರಶ್ನೆ ಹಾಗೇ ಉಳಿಯಿತಲ್ಲ.