ಮಕ್ಕಳು ಓದುವಾಗ ಏಳುವ ಸದ್ದಿಗೆ ಯಾವ ಪದ?

ಗೆಳೆಯರೇ, ನಮಸ್ಕಾರ.

ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಮಕ್ಕಳು ಕಾರ್ಡು ಹಿಡಿದು ನಲಿಯುತ್ತ ಕಲಿಯುವ ‘ನಲಿಕಲಿ’ ಕ್ರಮದ ಶಿಕ್ಷಕರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಕೆಲಸ ನಿಂತಿದೆ. ಮಕ್ಕಳು ತಮ್ಮ ತಮ್ಮ ಕಾರ್ಡು ಹಿಡಿದು ಓದುವಾಗ ತರಗತಿಯಲ್ಲಿ ಒಂದು ಸದ್ದು ಏಳುತ್ತದಲ್ಲ, ಅದಕ್ಕೆ ಏನೆನ್ನೋಣ?

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿಯ ಕ್ರಮ ನಿಮ್ಮಲ್ಲಿ ಹಲವರಿಗೆ ಗೊತ್ತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂರುತ್ತಾರೆ. ಗುಂಪಿಗೆ ತಟ್ಟೆ ಅನ್ನುತ್ತಾರೆ. ಟೀಚರ್ ಒಂದು ತಟ್ಟೆಯವರ ಜೊತೆ ಇದ್ದರೆ, ಇನ್ನೊಂದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಕ್ಕಳು ತಾವೇ ಕಲಿಯುತ್ತಾರೆ. ಹಾಗಾಗಿ ಸದ್ದು ಇದ್ದೇ ಇರುತ್ತದೆ. ಈಗಷ್ಟೇ ಓದಲು ಕಲಿಯುತ್ತಿರುವ ಮಗು ಅಕ್ಷರದ ಕೆಳಗೆ ಬೆರಳಿಟ್ಟು ‘ಅ... ರ... ಸ... ಅರಸ’ ಅಂತ ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳಬೇಕು. ಆಗಲೇ ಪದ ಕೂಡಿಕೊಳ್ಳುವುದು. ‘ಕೈ ಕಟ್ಟು, ಬಾಯಿ ಮುಚ್ಚು’ ಅಂದರೆ ಓದೇ ನಿಂತುಹೋಗುತ್ತದೆ. ಮಾತಾಡಿದವರ ಹೆಸರನ್ನು ಲೀಡರ್ ಕೈಲಿ ಬೋರ್ಡಿನ ಮೇಲೆ ಬರೆಸುವ ಪದ್ಧತಿಯೂ ಇಲ್ಲಿಗೆ ಹೊಂದುವುದಿಲ್ಲ.

ಆದರೆ ನಮ್ಮ ಪದಗಳೆಲ್ಲ ಬೈಗುಳದ ಕಡೆಗೇ ವಾಲುತ್ತವೆ. ಗಲಾಟೆ, ಗದ್ದಲ, ಗುಲ್ಲು, ಕರಾವಳಿಯ ಬೊಬ್ಬೆ, ಯಾವುದೂ ಆಗದು. ‘ಗುಜುಗುಜು’ ಹತ್ತಿರ ಬರುತ್ತದೆ. ಆದರೆ ‘ಸಭೆಯಲ್ಲಿ ಗುಜುಗುಜು ಶುರುವಾಯಿತು’ ಅಂದರೆ ಏನೋ ಅಸಮಾಧಾನ ಅಂತಲೇ ಅರ್ಥ, ಅಲ್ವಾ? ‘ಗುನುಗು’ ಹಾಡಿಗೆ ಸರಿ. ‘ಕಲರವ’ ಶಾಲೆ ಶುರುವಾದ ದಿನ ಪತ್ರಿಕೆಗಳಲ್ಲಿ ಬರುವ ಪದ. ಅದು ದೂರದಿಂದ ಕೇಳುವವರ ಖುಷಿಯನ್ನು ಹೇಳುತ್ತದೆ, ಮಕ್ಕಳ ಕೆಲಸವನ್ನಲ್ಲ. ಸದ್ಯಕ್ಕೆ ‘ಓದುಸದ್ದು’ ಅಂತ ಬರೆದುಕೊಂಡಿದ್ದೇನೆ. ಕಿವಿಗೆ ಒಪ್ಪುತ್ತದೆಯೇ?

ಗೋಡೆಗೆ ಹಚ್ಚುವ ಚಾರ್ಟಿಗೆ ಮೂರು ಪದ ಆರಿಸಿದ್ದೇನೆ. ತನಗೆ ತಾನೇ ಓದುವಾಗ ಪಿಸುದನಿ, ಪಕ್ಕದವರಿಗಷ್ಟೇ ಕೇಳಬೇಕಾದಾಗ ಮೆಲುದನಿ, ಎಲ್ಲರೆದುರು ಓದುವಾಗ ಜೋರುದನಿ. ‘ಜೋರುದನಿ’ಯನ್ನು ಬೈಯುವ ದನಿ ಅಂದುಕೊಳ್ಳುವ ಮಕ್ಕಳು ನಿಮ್ಮ ಕಡೆ ಇದ್ದರೆ ದಯವಿಟ್ಟು ತಿಳಿಸಿ.

ನಿಜವಾದ ಗಲಾಟೆ ಜಾಸ್ತಿ ಏಳುವುದು ಸಾಮಾನಿನಿಂದ. ‘ಮಿಸ್, ಇವ್ನು ಮೆಂಡರ್ ಕೊಡ್ತಿಲ್ಲ!’ ಒಂದು ತಟ್ಟೆಗೆ ಒಂದೇ ಮೆಂಡರ್, ಅರ್ಧ ರಬ್ಬರ್ ಇದ್ದರೆ ಇನ್ನೇನಾದೀತು? ಒಂದೊಂದು ತಟ್ಟೆಗೂ ಬೇರೆ ಡಬ್ಬಿ ಇಟ್ಟು, ಕಾರ್ಡಿನ ಮೇಲಿನ ಚಿತ್ರ ಯಾವುದೋ ಅದೇ ಚಿತ್ರವನ್ನು ಕಾರ್ಡಿಡುವ ಟ್ರೇಗೂ ಅಂಟಿಸಿದರೆ ಓದು ಬಾರದ ಮಗುವೂ ತಾನೇ ತೆಗೆದು ತಾನೇ ಎತ್ತಿಡುತ್ತದೆ. ಈ ಭಾಗಕ್ಕೆ ‘ಕಲಿಕಾ ಸಾಮಗ್ರಿಗಳ ನಿರ್ವಹಣೆ’ ಅಂತ ತಲೆಬರಹ ಕೊಡಲು ನನಗೆ ಸುತರಾಂ ಮನಸ್ಸಿಲ್ಲ. ಸುತ್ತೋಲೆ ಓದಿದ ಹಾಗಿರುತ್ತದೆ. ‘ಓರಣ’ ನನಗೆ ಇಷ್ಟ, ಆದರೆ ಈಗಿನ ಮಕ್ಕಳಿಗೆ ಅದು ತಿಳಿಯುತ್ತದೆಯೇ? ‘ಎತ್ತಿಡೋಣ’ ಅಂತ ಸುಮ್ನೆ ಬರೆದರೆ ಸಾಕೇ? ಬೀದರ, ಕಲಬುರಗಿ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಇದನ್ನು ಹೇಗೆ ಹೇಳುತ್ತಾರೆ?