ರಾತ್ರಿ ಪಾಠ ರೆಕಾರ್ಡ್ ಮಾಡಬೇಕು, ಸದ್ದು ಮಾಡದ ಎಸ್‌ಎಂಪಿಎಸ್ ಹೇಳಿ

ತೀರ್ಥಹಳ್ಳಿ ಮೇಷ್ಟ್ರು:

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವನು. ಹಳಗನ್ನಡ ಪದ್ಯಗಳನ್ನು ಓದಿ, ಅರ್ಥ ಹೇಳಿ, ಆಡಿಯೋ ಮಾಡಿ ಮಕ್ಕಳಿಗೆ ಕಳಿಸುತ್ತೇನೆ. ಮನೆಯವರೆಲ್ಲ ಮಲಗಿದ ಮೇಲೇ ಈ ಕೆಲಸ. ರೆಕಾರ್ಡಿಂಗ್‌ನಲ್ಲಿ ನನ್ನ ದನಿಯ ಹಿಂದೆ ಗೊಂಯ್ ಅಂತ ಸದ್ದು ಬರುತ್ತದೆ. ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ ಇದೆಯಲ್ಲ, ಆ ಎಸ್‌ಎಂಪಿಎಸ್ ಮೇಲೇ ಅನುಮಾನ. ಅದು ಕ್ಯಾಬಿನೆಟ್ ಜೊತೆಗೇ ಬಂದದ್ದು. 450 ವ್ಯಾಟ್ ಅಂತ ಚೀಟಿ ಇದೆ, ಬೇರೇನೂ ಬರೆದಿಲ್ಲ.

ಕಂಪ್ಯೂಟರಿನಲ್ಲಿ ಇರುವುದು ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ (ಮಗನ ಆಟಕ್ಕೆ), ಒಂದು ಎಸ್‌ಎಸ್‌ಡಿ, ಒಂದು ಹಳೇ ಹಾರ್ಡ್ ಡಿಸ್ಕ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆಯಲ್ಲ. ಇನ್ವರ್ಟರ್ ಇದ್ದರೂ ಕರೆಂಟ್ ಹೋದಾಗ ಕೆಲವೊಮ್ಮೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಅಂಗಡಿಯವರು "850 ವ್ಯಾಟ್ ಹಾಕಿಸಿ, ತಲೆನೋವೇ ಇರಲ್ಲ" ಅಂತಾರೆ. ಹೌದಾ? ಅಂದಹಾಗೆ, ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆ.

ಹುಬ್ಬಳ್ಳಿ ರಿಪೇರಿ:

ಮೇಷ್ಟ್ರೇ, ನೀವು ಅಂದಹಾಗೆ ಅಂತ ಹೇಳಿದ್ದೇ ಇಲ್ಲಿ ಮುಖ್ಯವಾದ ಮಾತು. ಆ ಸಾಕೆಟ್‌ಗೆ ಬಹುಶಃ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಲೋಹದ ಮೈಗೆ ಸೇರಿರುತ್ತವೆ. ಅರ್ಥ್ ಇಲ್ಲದಿದ್ದರೆ 230 ವೋಲ್ಟಿನ ಅರ್ಧದಷ್ಟು ಕ್ಯಾಬಿನೆಟ್ ಮೇಲೆ ಬಂದು ನಿಲ್ಲುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೇ ಬರೀ ಜುಮ್. ಆದರೆ ಒಳಗೆ ನಿಜವಾಗಿ ಶಾರ್ಟ್ ಆದ ದಿನ ಕಾಪಾಡಲು ಏನೂ ಇರುವುದಿಲ್ಲ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಅರ್ಥ್ ಇಲ್ಲದಿದ್ದರೆ ಮೈಕಿನ ವೈರಿನೊಳಗೂ ಗೊಂಯ್ ಸೇರಬಹುದು. ಕೋಣೆಯಲ್ಲಿ ಸದ್ದೇ ಇಲ್ಲ, ರೆಕಾರ್ಡಿಂಗ್‌ನಲ್ಲಿ ಮಾತ್ರ ಇದೆ, ಹಾಗೆ. ಇದನ್ನು ಹಿಡಿಯುವುದು ಸುಲಭ. ಮೈಕ್ ಇರುವ ಜಾಗದಲ್ಲೇ ಮೊಬೈಲ್ ಇಟ್ಟು, ಚಾರ್ಜರ್ ಹಾಕದೆ, ಒಂದು ನಿಮಿಷ ರೆಕಾರ್ಡ್ ಮಾಡಿ. ಅದರಲ್ಲಿ ಗೊಂಯ್ ಇಲ್ಲದಿದ್ದರೆ ಎಂಥ ದುಬಾರಿ ಎಸ್‌ಎಂಪಿಎಸ್ ತಂದರೂ ದುಡ್ಡು ದಂಡ.

ತೀರ್ಥಹಳ್ಳಿ ಮೇಷ್ಟ್ರು:

ಮಾಡಿ ನೋಡಿದೆ. ಮೊಬೈಲಿನಲ್ಲಿ ಗೊಂಯ್ ಇಲ್ಲ! ಆದರೆ ಫ್ಯಾನಿನ ಸುಯ್ ಸದ್ದು ಚೆನ್ನಾಗಿಯೇ ಕೇಳುತ್ತದೆ. ಹಿಂದೆ ಕೈ ಹಿಡಿದರೆ ಎಸ್‌ಎಂಪಿಎಸ್‌ನಿಂದ ಬಿಸಿಗಾಳಿ. ಅರ್ಥಿಂಗ್ ಕೆಲಸಕ್ಕೆ ಭಾನುವಾರ ಬರುತ್ತೇನೆ ಅಂದಿದ್ದಾರೆ. ಎಸ್‌ಎಂಪಿಎಸ್ ಬದಲಾಯಿಸುವುದಂತೂ ಖಾತ್ರಿ, ಯಾವುದು ಹೇಳಿ.

ಹುಬ್ಬಳ್ಳಿ ರಿಪೇರಿ:

ಸರಿ, ಈಗ ಲೆಕ್ಕ ಹಾಕೋಣ. 3060 ಕಾರ್ಡು 170 ವ್ಯಾಟ್. 5600 ಪ್ರೊಸೆಸರ್ ಮೇಲೆ 65 ಅಂತ ಬರೆದಿದ್ದರೂ 76ರ ತನಕ ಹೋಗುತ್ತದೆ. ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಸೇರಿ ಇನ್ನೊಂದು 50 ಇಟ್ಟುಕೊಳ್ಳಿ. ಮಗ ಆಡುವಾಗ 300 ವ್ಯಾಟ್ ಆಸುಪಾಸು. ನೀವು ಪದ್ಯ ಓದುವಾಗ 100 ಕೂಡ ಇರುವುದಿಲ್ಲ. ಕಾರ್ಡಿನ ಕಂಪನಿ ಎನ್ವಿಡಿಯಾದವರೇ ಈ ಕಾರ್ಡಿಗೆ 550 ಸಾಕು ಅಂತಾರೆ. ಒಳ್ಳೆಯ 650 ತಗೊಳ್ಳಿ. 850 ಹಾಕಿದರೆ ತೊಂದರೆಯೇನಿಲ್ಲ, ಸುಮ್ನೆ ಖರ್ಚು.

ಫ್ಯಾನ್ ಕೂಗುವುದು ಬಿಸಿಗೆ. 300 ವ್ಯಾಟ್ ಕೊಡುವಾಗ 75% ದಕ್ಷತೆಯ ಎಸ್‌ಎಂಪಿಎಸ್ 100 ವ್ಯಾಟನ್ನು ತನ್ನ ಹೊಟ್ಟೆಯಲ್ಲೇ ಬಿಸಿ ಮಾಡುತ್ತದೆ. 90% ಇದ್ದರೆ ಬರೀ 33. ಅದಕ್ಕೇ 80 ಪ್ಲಸ್ ಗೋಲ್ಡ್ ಅನ್ನುವ ಚೀಟಿ ನೋಡಿ ಅನ್ನುವುದು. ಆದರೆ ಆ ಚೀಟಿ ಅಳೆಯುವುದು ದಕ್ಷತೆಯನ್ನು, ಸದ್ದನ್ನಲ್ಲ. ಸದ್ದಿಗೆ, ಎಸ್‌ಎಂಪಿಎಸ್‌ಗಳನ್ನು ಪರೀಕ್ಷೆ ಮಾಡುವ ಸೈಬೆನೆಟಿಕ್ಸ್‌ನವರ ಲ್ಯಾಂಬ್ಡಾ ಗ್ರೇಡ್ ನೋಡಿ. ಎ ಅಂದರೆ ಸರಾಸರಿ 20ರಿಂದ 25 ಡೆಸಿಬೆಲ್, ಎ ಪ್ಲಸ್ ಅಂದರೆ 15ರಿಂದ 20. ಅವರ ಸೈಟಿನಲ್ಲಿ ಮಾಡೆಲ್ ಹೆಸರು ಹಾಕಿದರೆ ಸಿಗುತ್ತದೆ.

ಸೀಸಾನಿಕ್ ಫೋಕಸ್ ಜಿಎಕ್ಸ್ 650, ಕೊರ್ಸೇರ್ ಆರ್‌ಎಂ 650ಎಕ್ಸ್ ಎರಡೂ ನಡೆಯುತ್ತವೆ. ಲೋಡ್ ಕಡಿಮೆ ಇದ್ದಾಗ ಎರಡರಲ್ಲೂ ಫ್ಯಾನ್ ತಿರುಗುವುದೇ ಇಲ್ಲ. ನಿಮಗೆ ಬೇಕಾದ್ದು ಅದೇ ಅಲ್ವಾ?

ಕಲಬುರಗಿ ಬಿಸಿಲು:

ಫ್ಯಾನ್ ನಿಲ್ಲಿಸೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ. ಕೆಪಾಸಿಟರ್ 10 ಡಿಗ್ರಿ ಜಾಸ್ತಿ ಬಿಸಿಯಾದರೆ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಫೋಕಸ್‌ನಲ್ಲಿ ಲೋಡ್ ಕಡಿಮೆ ಇದ್ದಾಗ ಫ್ಯಾನ್ ನಿಲ್ಲಿಸುವ ಹೈಬ್ರಿಡ್ ಬಟನ್ ಇದೆ, ನಾನು ಅದನ್ನು ಆಫ್ ಮಾಡಿಟ್ಟಿದ್ದೇನೆ. ಫ್ಯಾನ್ ನಿಧಾನವಾಗಿ ಸದಾ ತಿರುಗುತ್ತದೆ, ಒಂದು ಮೊಳ ದೂರಕ್ಕೆ ಕೇಳುವುದಿಲ್ಲ. ತೀರ್ಥಹಳ್ಳಿಯ ತಂಪಿನಲ್ಲಿ ನೀವು ಆನ್ ಇಟ್ಟುಕೊಳ್ಳಿ, ಪುಣ್ಯವಂತರು.

ಸಾಗರದ ಶೆಟ್ರು:

ರೀಸ್ಟಾರ್ಟ್ ವಿಷಯ ಯಾರೂ ಹೇಳಲಿಲ್ಲ. ಮೇಷ್ಟ್ರೇ, ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ನೋಡಿ. ಮಾಮೂಲಿ ಮೋಡಿನಲ್ಲಿ ಬ್ಯಾಟರಿಗೆ ಬದಲಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಲೈಟು, ಫ್ಯಾನಿಗೆ ಅದು ಲೆಕ್ಕಕ್ಕಿಲ್ಲ. ಕಂಪ್ಯೂಟರ್ ಹಾಗಲ್ಲ. ಕರೆಂಟ್ ಹೋದ ಮೇಲೆ ಒಳ್ಳೆಯ ಎಸ್‌ಎಂಪಿಎಸ್ ತಡೆದುಕೊಳ್ಳುವುದೇ ಸುಮಾರು 17 ಮಿಲಿಸೆಕೆಂಡ್, ಅಗ್ಗದ್ದು ಅಷ್ಟೂ ಇಲ್ಲ. ಯುಪಿಎಸ್ ಮೋಡ್ ಹಾಕಿದರೆ ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹೋಗುತ್ತದೆ, ಅದೊಂದು ಕಿರಿಕಿರಿ.

ಇನ್ವರ್ಟರ್ ಪ್ಯೂರ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನ ಹಾಗೇ ನಯವಾದ ಅಲೆ ಕೊಡುವಂಥದ್ದು, ಹೌದೋ ಅಲ್ಲವೋ ಅದನ್ನೂ ನೋಡಿ. ಸ್ಕ್ವೇರ್ ವೇವ್ ಆದರೆ ಸೀಲಿಂಗ್ ಫ್ಯಾನೇ ಗುಂಯ್ ಅನ್ನುತ್ತದೆ. ಹಾಗಿದ್ದರೆ ಕಂಪ್ಯೂಟರಿಗೆ ಬೇರೆ ಯುಪಿಎಸ್ ಇಡುವುದೇ ವಾಸಿ. ಅದರಲ್ಲಿ ವಿಎ ನೋಡಿ ಮೋಸ ಹೋಗಬೇಡಿ. 600 ವಿಎ ಅಂತ ಬರೆದಿದ್ದು ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. ಮಾನಿಟರ್ ಸೇರಿಸಿದರೆ ಮಗ ಆಡುವಾಗ ಅದು ಏದುಸಿರು ಬಿಡುತ್ತದೆ, 1000 ವಿಎ ತಗೊಳ್ಳಿ.

ಹುಬ್ಬಳ್ಳಿ ರಿಪೇರಿ:

ಶೆಟ್ರೇ, ಸರಿಯಾಗಿ ಹೇಳಿದಿರಿ. ಮೇಷ್ಟ್ರೇ, ಇನ್ನೆರಡು ಮಾತು. ಹಳೇದನ್ನು ಬಿಚ್ಚಿ ಒಳಗೆ ಧೂಳು ಒರೆಸಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಹೊಸದಕ್ಕೆ ಅದರ ಡಬ್ಬಿಯಲ್ಲಿ ಬಂದ ಕೇಬಲ್‌ಗಳನ್ನೇ ಹಾಕಿ. ಯಾರಾದರೂ ಬೇರೆ ಎಸ್‌ಎಂಪಿಎಸ್‌ನಿಂದ ಮಿಕ್ಕಿದ ಮಾಡ್ಯುಲರ್ (ಕಿತ್ತು ಹಾಕಬಹುದಾದ) ಕೇಬಲ್ ಕೊಟ್ಟರೆ ಬೇಡ ಅನ್ನಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಒಂದೊಂದು ಕಂಪನಿಗೆ ಒಂದೊಂದು ಥರ. ಕನೆಕ್ಟರ್ ಕೂತುಕೊಳ್ಳುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿ ಹಾರ್ಡ್ ಡಿಸ್ಕ್ ಸುಟ್ಟುಬಿಡುತ್ತದೆ.